ಜ್ವರ, ಸುಸ್ತು, ಗ್ಯಾಸ್ಟ್ರಿಕ್: ರಾಮನಗರ ಸೀಮೆಯಲ್ಲಿ ಕಾಯಿಲೆ ಪತ್ತೆಯ ಕಷ್ಟ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ಈ ನಾಲ್ಕರಲ್ಲಿ ಯಾವ ಊರಿನ ಸರ್ಕಾರಿ ಆಸ್ಪತ್ರೆಗೆ ಹೋದರೂ ವೈದ್ಯರ ಕೋಣೆಯ ಮುಂದಿನ ಸಾಲಿನಲ್ಲಿ ಕೇಳಿಬರುವ ಮಾತು ಹೆಚ್ಚುಕಮ್ಮಿ ಒಂದೇ. ‘ಜ್ವರ ಬಿಟ್ಟು ಬಿಟ್ಟು ಬರ್ತಾ ಇದೆ ಸಾರ್’, ‘ಮೈಯೆಲ್ಲಾ ಸುಸ್ತು’, ‘ಕಾಲು ಜೋಮು ಹಿಡಿಯುತ್ತೆ’, ‘ಗ್ಯಾಸ್ಟ್ರಿಕ್ ಎದೆಗೆ ಏರಿದೆ’, ‘ರಾತ್ರಿಯೆಲ್ಲಾ ದಮ್ಮು’. ಇವುಗಳಲ್ಲಿ ಹೆಚ್ಚಿನವು ನಾಲ್ಕು ದಿನ ಮಾತ್ರೆ ನುಂಗಿದರೆ, ಕೆಲವು ಏನೂ ನುಂಗದಿದ್ದರೂ, ವಾಸಿಯಾಗುತ್ತವೆ. ಆದರೆ ಅದೇ ಸಾಲಿನಲ್ಲಿ, ಅದೇ ಮಾತುಗಳನ್ನೇ ಆಡುತ್ತಾ, ಹೃದಯಾಘಾತದ ರೋಗಿಯೊಬ್ಬರು ಕೂತಿರಬಹುದು. ಸ್ಕ್ರಬ್ ಟೈಫಸ್ ಹತ್ತಿದವರಿರಬಹುದು, ರಾತ್ರಿ ಕಟ್ಟುಹಾವು ಕಚ್ಚಿದ್ದು ಗೊತ್ತೇ ಆಗದವರಿರಬಹುದು. ತಾಲ್ಲೂಕು ಆಸ್ಪತ್ರೆಯ ಫಿಸಿಷಿಯನ್ ಎದುರಿಸುವ ದಿನನಿತ್ಯದ ಸವಾಲು ಇವರನ್ನು ಆ ಸಾಲಿನಿಂದ ಬೇರ್ಪಡಿಸುವುದು. ಅದಕ್ಕೆ ಅವರಿಗೆ ಸಿಗುವುದು ಒಬ್ಬೊಬ್ಬರಿಗೆ ಕೆಲವೇ ನಿಮಿಷ.

ಕಷ್ಟದ ಕಾಯಿಲೆ ಎಂದರೆ ಪುಸ್ತಕದಲ್ಲಿ ಮಾತ್ರ ಕಾಣುವ ಅಪರೂಪದ ಕಾಯಿಲೆ ಎಂಬ ಭಾವನೆ ಜನರಲ್ಲೂ ಇದೆ, ವೈದ್ಯ ವಿದ್ಯಾರ್ಥಿಗಳಲ್ಲೂ ಇದೆ. ಈ ಸೀಮೆಯಲ್ಲಿ ತಪ್ಪಿಹೋಗುವ ಕಾಯಿಲೆಗಳನ್ನು ಒಂದೊಂದಾಗಿ ನೋಡುತ್ತಾ ಹೋದರೆ ಬೇರೆಯೇ ಚಿತ್ರ ಕಾಣುತ್ತದೆ. ತಪ್ಪಿಹೋಗುವುದು ಇಲ್ಲಿನ ಮಣ್ಣು, ದನದ ಕೊಟ್ಟಿಗೆ, ಕಲ್ಲಿನ ಕ್ವಾರಿ, ರೇಷ್ಮೆ ಫಿಲೇಚರ್‌ಗಳಿಗೆ ಅಂಟಿಕೊಂಡೇ ಇರುವ ಕಾಯಿಲೆಗಳು. ಅವುಗಳ ಸುಳಿವು ಸಿಗುವುದು ಬಹುಪಾಲು ಸ್ಕ್ಯಾನಿಂಗ್ ಸೆಂಟರಿನಲ್ಲಲ್ಲ, ರೋಗಿಯ ಬದುಕಿನ ಬಗ್ಗೆ ಕೇಳುವ ಮೂರ್ನಾಲ್ಕು ಪ್ರಶ್ನೆಗಳಲ್ಲಿ.

ಈ ಮಾತಿಗೆ ಪಕ್ಕದ ಜಿಲ್ಲೆಯಲ್ಲೇ ಹಳೆಯ ಸಾಕ್ಷಿಯಿದೆ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿನ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ಇದ್ದವರನ್ನು ಹುಡುಕಿ, ‘ನಿಮಗೆ ಏನಾಗುತ್ತಿದೆ, ಅದಕ್ಕೆ ಏನು ಮಾಡಿದಿರಿ?’ ಎಂದು ವಿಚಾರಿಸಿದರು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಅವರು ಆಸ್ಪತ್ರೆಗೇ ಬರುವುದಿಲ್ಲ ಎಂಬುದು ಆಗಿನ ನಂಬಿಕೆ. 1963ರಲ್ಲಿ ಪ್ರಕಟವಾದ ಆ ಅಧ್ಯಯನ ಅದನ್ನು ತಲೆಕೆಳಗು ಮಾಡಿತು. ಬಹುತೇಕ ಎಲ್ಲರಿಗೂ ತಮ್ಮ ಕೆಮ್ಮು, ಜ್ವರದ ಅರಿವಿತ್ತು. ಸುಮಾರು ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆ ಮೆಟ್ಟಿಲು ಹತ್ತಿ ಬಂದಿದ್ದರು, ಅಲ್ಲಿ ಕೆಮ್ಮಿನ ಔಷಧಿ ಕೊಟ್ಟು ವಾಪಸ್ ಕಳಿಸಲಾಗಿತ್ತು. ರೋಗಿ ಬಂದಿದ್ದರು, ಕಾಯಿಲೆ ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ. ಅರವತ್ತು ವರ್ಷಗಳಲ್ಲಿ ಉಪಕರಣಗಳು ಬಹಳ ಮುಂದೆ ಹೋಗಿವೆ. ಕಫದಲ್ಲಿ ಕ್ಷಯದ ಕ್ರಿಮಿಯನ್ನೂ ರಿಫಾಂಪಿಸಿನ್‌ಗೆ ಅದು ಬಗ್ಗುತ್ತದೆಯೇ ಎಂಬುದನ್ನೂ ಕೆಲವೇ ಗಂಟೆಗಳಲ್ಲಿ ತಿಳಿಸುವ, ನಮ್ಮ ದೇಶದಲ್ಲೇ ತಯಾರಾದ ಟ್ರೂನಾಟ್ ಯಂತ್ರ ಬಂದಿದೆ. ಹಾಗಿದ್ದೂ ಕಫವನ್ನು ಆ ಯಂತ್ರಕ್ಕೆ ಕಳಿಸಬೇಕು ಎಂದು ಯಾರಿಗಾದರೂ ಹೊಳೆಯಬೇಕಲ್ಲ. ಮಾಗಡಿಯ ಗಡಿ ದಾಟಿದರೆ ತುಮಕೂರು ಜಿಲ್ಲೆ. ಅಲ್ಲಿ ಅಂದು ಕಂಡ ತೊಡಕು ಇಂದು ಬೇರೆ ಬೇರೆ ಕಾಯಿಲೆಗಳ ಹೆಸರಿನಲ್ಲಿ ಇಲ್ಲೂ ಇದೆ.

ಮೊದಲು ಜ್ವರ. ಈ ಸೀಮೆಯಲ್ಲಿ ವಾರ ಕಳೆದರೂ ಬಿಡದ ಜ್ವರಕ್ಕೆ ಅತಿ ಸುಲಭವಾಗಿ ಸಿಗುವ ಹೆಸರು ಟೈಫಾಯ್ಡ್. ಅದಕ್ಕೆ ಆಧಾರ ವಿಡಾಲ್ ಪರೀಕ್ಷೆ. ಪ್ಯಾರಿಸ್‌ನ ಫರ್ನಾಂಡ್ ವಿಡಾಲ್ 1896ರಲ್ಲಿ ರೂಪಿಸಿದ ಈ ಪರೀಕ್ಷೆ ಅಗ್ಗ, ಯಾವ ಸಣ್ಣ ಲ್ಯಾಬಿನಲ್ಲಾದರೂ ಮಾಡಬಹುದು. ಅದರ ಮಿತಿಯೂ ಅಷ್ಟೇ ಹಳೆಯದು. ಹಿಂದೆ ಎಂದೋ ಟೈಫಾಯ್ಡ್ ಬಂದುಹೋದವರಲ್ಲಿ, ಬೇರೆ ಸೋಂಕುಗಳಿದ್ದವರಲ್ಲಿ ಕೂಡ ಅದು ‘ಪಾಸಿಟಿವ್’ ತೋರಿಸುತ್ತದೆ. ಒಂದೇ ಸಲ ಮಾಡಿದ ವಿಡಾಲ್‌ನ ಮೇಲೆ ತೀರ್ಮಾನ ಕಟ್ಟುವುದು ಅಪಾಯ. ಟೈಫಾಯ್ಡ್ ಅನ್ನು ನಿಜವಾಗಿ ಹಿಡಿದುಕೊಡುವುದು ಬ್ಲಡ್ ಕಲ್ಚರ್. ಅದೂ ಆಂಟಿಬಯಾಟಿಕ್ ಕೊಡುವ ಮುಂಚೆ, ಜ್ವರದ ಮೊದಲ ವಾರದಲ್ಲಿ ರಕ್ತ ತೆಗೆದರೆ ಫಲ ಹೆಚ್ಚು. ರೋಗಿ ತಾಲ್ಲೂಕು ಆಸ್ಪತ್ರೆ ತಲುಪುವಷ್ಟರಲ್ಲಿ ಊರಿನ ಮೆಡಿಕಲ್ ಸ್ಟೋರಿನಿಂದ ಎರಡು ಬಗೆಯ ಆಂಟಿಬಯಾಟಿಕ್ ನುಂಗಿ, ಎಲ್ಲೋ ಡ್ರಿಪ್ಸ್ ಹಾಕಿಸಿಕೊಂಡು ಬಂದಿರುತ್ತಾರೆ. ಆಮೇಲೆ ಕಲ್ಚರ್ ಮಾಡಿದರೂ ಏನೂ ಬೆಳೆಯುವುದಿಲ್ಲ.

ಮಳೆಗಾಲದಲ್ಲಿ ಟೈಫಾಯ್ಡ್‌ನ ಜಾಗಕ್ಕೆ ಡೆಂಗಿ ಬರುತ್ತದೆ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಅಧಿಸೂಚಿಸಿತು. ಡೆಂಗಿಯಲ್ಲಿ ಮನೆಮಂದಿಯ ಕಣ್ಣೆಲ್ಲ ಪ್ಲೇಟ್‌ಲೆಟ್ ಎಣಿಕೆಯ ಮೇಲೆ. ಆದರೆ ಬಹಳ ರೋಗಿಗಳು ಅಪಾಯಕ್ಕೆ ಸಿಲುಕುವುದು ರಕ್ತನಾಳಗಳಿಂದ ನೀರಿನಂಶ ಸೋರಿ ರಕ್ತ ಗಟ್ಟಿಯಾಗುವುದರಿಂದ. ಅದನ್ನು ತಿಳಿಸುವುದು ಪಿಸಿವಿ ಎಂಬ ಇನ್ನೊಂದು ಅಂಕಿ. ಈ ಸೋರಿಕೆ ಆಗುವುದೂ ಜ್ವರ ಇಳಿದು ‘ಸದ್ಯ, ವಾಸಿಯಾಯಿತು’ ಎಂದು ಎಲ್ಲರೂ ಉಸಿರು ಬಿಡುವ ಆ ಒಂದೆರಡು ದಿನಗಳಲ್ಲಿ. ಹೊಟ್ಟೆನೋವು, ಬಿಡದ ವಾಂತಿ, ಕೈಕಾಲು ತಣ್ಣಗಾಗುವುದು, ಮಂಕು ಇವು ಕಂಡರೆ ಪ್ಲೇಟ್‌ಲೆಟ್ ಎಷ್ಟೇ ಇರಲಿ, ಮನೆಯಲ್ಲಿ ಇರಿಸಿಕೊಳ್ಳಬಾರದು.

ಟೈಫಾಯ್ಡ್, ಡೆಂಗಿ ಎರಡೂ ಅಲ್ಲ ಎಂದಾಗ ನೆನಪಾಗಬೇಕಾದದ್ದು, ಆಗದೆ ಉಳಿಯುವುದು ಸ್ಕ್ರಬ್ ಟೈಫಸ್. ಪೊದೆ, ಹುಲ್ಲು, ಬದುಗಳಲ್ಲಿರುವ ಅತಿ ಸಣ್ಣ ನುಸಿಯ ಮರಿಹುಳು ಕಚ್ಚಿದಾಗ ಈ ಕ್ರಿಮಿ ಮೈ ಸೇರುತ್ತದೆ. ಕಚ್ಚಿದ್ದು ನೋಯುವುದಿಲ್ಲ, ನವೆಯೂ ಇರುವುದಿಲ್ಲ. ಹತ್ತು ದಿನದ ಆಸುಪಾಸಿನಲ್ಲಿ ಜ್ವರ, ತಲೆನೋವು, ಮೈಕೈ ನೋವು ಶುರುವಾಗುತ್ತವೆ. ಎರಡನೆಯ ವಾರ ಕಾಲಿಡುವ ಹೊತ್ತಿಗೆ ಶ್ವಾಸಕೋಶ, ಕಿಡ್ನಿ, ಲಿವರ್, ಮೆದುಳು ಯಾವುದಕ್ಕಾದರೂ ಏಟು ಬೀಳಬಹುದು. ಪ್ಲೇಟ್‌ಲೆಟ್ ಇದರಲ್ಲೂ ಇಳಿಯುವುದರಿಂದ ಡೆಂಗಿ ಎಂದೇ ಕಾಣುತ್ತದೆ. ನುಸಿ ಕಚ್ಚಿದ ಜಾಗದಲ್ಲಿ ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆಯೊಂದು ಸಿಕ್ಕರೆ ಕಾಯಿಲೆ ಸಿಕ್ಕಂತೆಯೇ. ಅದು ಇರುವುದು ಕಂಕುಳಲ್ಲಿ, ತೊಡೆಸಂದಿಯಲ್ಲಿ, ಸೀರೆಯ ಲಂಗದ ಲಾಡಿ ಬಿಗಿಯುವ ಸೊಂಟದ ಸುತ್ತ, ಎದೆಯ ಕೆಳಗೆ. ಸಾಲಿನಲ್ಲಿ ನಿಂತ ಮಹಿಳೆಯನ್ನು ಮರೆಗೆ ಕರೆದು, ಬಟ್ಟೆ ಸರಿಸಿ ನೋಡಬೇಕು. ತುಂಬಿದ ಹೊರರೋಗಿ ಕೋಣೆಯಲ್ಲಿ, ಮಹಿಳಾ ನರ್ಸ್ ಜೊತೆಗಿಲ್ಲದೆ, ಒಂದು ಪರದೆಯೂ ಇಲ್ಲದೆ ಇದು ಆಗದ ಮಾತು. ಹಕ್ಕಳೆ ಎಲ್ಲ ರೋಗಿಗಳಲ್ಲೂ ಇರುವುದಿಲ್ಲ, ನಿಜ. ಆದರೆ ಇದ್ದದ್ದನ್ನೂ ನೋಡದೆ ಬಿಡುವುದಕ್ಕೆ ಕಾರಣ ವೈದ್ಯಕೀಯ ಜ್ಞಾನದ ಕೊರತೆಗಿಂತ ಆ ಒಂದು ಪರದೆಯ ಕೊರತೆ.

ಕರ್ನಾಟಕದ ಹಲವು ಜಿಲ್ಲೆಗಳಿಂದ ಸ್ಕ್ರಬ್ ಟೈಫಸ್ ವರದಿಯಾಗಿದೆ. ದಕ್ಷಿಣ ಭಾರತದಲ್ಲಿ ಅದು ಹೆಚ್ಚುವುದು ಮಳೆಯ ಕೊನೆಗೂ ಚಳಿಯ ಆರಂಭಕ್ಕೂ ನಡುವೆ, ಅಂದರೆ ಇಲ್ಲಿ ಹೊಲದ ಕಳೆ ಆಳೆತ್ತರ ಬೆಳೆದು ರಾಗಿ ಕೊಯ್ಲು ಹತ್ತಿರವಾಗುವ ಕಾಲ. ಔಷಧಿಯ ವಿಷಯದಲ್ಲಿ ಮಾತ್ರ ರೋಗಿಯ ಅದೃಷ್ಟ ದೊಡ್ಡದು. ಡಾಕ್ಸಿಸೈಕ್ಲಿನ್ ಎಂಬ ಹಳೆಯ, ಅಗ್ಗದ ಮಾತ್ರೆಗೆ ಜ್ವರ ಸಾಮಾನ್ಯವಾಗಿ ಎರಡು ದಿನದೊಳಗೆ ಇಳಿಯುತ್ತದೆ. ಕಾಯಿಲೆ ತೀವ್ರವಾದವರಿಗೆ ಏನು ಕೊಡಬೇಕು ಎಂಬ ಪ್ರಶ್ನೆಗೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮುಂದಾಳತ್ವದಲ್ಲಿ ಭಾರತದ ಏಳು ಕೇಂದ್ರಗಳು ಸುಮಾರು 800 ರೋಗಿಗಳ ಮೇಲೆ ಪ್ರಯೋಗ ನಡೆಸಿ 2023ರಲ್ಲಿ ಉತ್ತರ ಕೊಟ್ಟವು: ಡಾಕ್ಸಿಸೈಕ್ಲಿನ್, ಅಜಿತ್ರೋಮೈಸಿನ್ ಎರಡನ್ನೂ ಒಟ್ಟಿಗೆ ರಕ್ತನಾಳಕ್ಕೆ ಕೊಟ್ಟರೆ ಒಂದೊಂದನ್ನೇ ಕೊಟ್ಟದ್ದಕ್ಕಿಂತ ಒಳ್ಳೆಯ ಫಲ. ನಮ್ಮ ನೆಲದ ರೋಗಿಗಳಿಂದಲೇ ಬಂದ ಇಂಥ ತಿಳಿವು ತಾಲ್ಲೂಕು ಮಟ್ಟಕ್ಕೆ ಬೇಗ ಇಳಿಯಬೇಕು.

ಇನ್ನೊಂದು ಜ್ವರ ಕೊಟ್ಟಿಗೆಯದು. ಈ ನಾಲ್ಕೂ ತಾಲ್ಲೂಕುಗಳಲ್ಲಿ ಮನೆ ನಡೆಯುವುದು ಹಾಲಿನ ಡೈರಿಯ ಬಟವಾಡೆಯಿಂದ. ಹಸು ಏಳೆಂಟು ತಿಂಗಳಿಗೆ ಕಂದು ಹಾಕಿದರೆ ರೈತನಿಗೆ ಅದು ನಷ್ಟ. ಆ ನಷ್ಟದ ಹಿಂದೆ ಬ್ರುಸೆಲ್ಲಾ ಎಂಬ ಕ್ರಿಮಿ ಇದ್ದರೆ ಅದೇ ಕ್ರಿಮಿ ಬೀಳದೆ ಉಳಿದ ಮಾಸನ್ನು ಬರಿಗೈಯಲ್ಲಿ ತೆಗೆದವರಿಗೆ, ಹಸಿ ಹಾಲು ಕುಡಿದವರಿಗೆ ದಾಟುತ್ತದೆ. ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಕೆ, ತಿಂಗಳುಗಟ್ಟಲೆ ಸೊಂಟನೋವು. ಎಲ್ಲವೂ ಕ್ಷಯದ ಹಾಗೆಯೇ. ಬೆನ್ನುಮೂಳೆಯ ಎಂಆರ್‌ಐ ಕೂಡ ಇದೇ ರೀತಿ ದಾರಿ ತಪ್ಪಿಸಬಹುದು. ಕ್ಷಯದ ಮಾತ್ರೆಗಳಲ್ಲಿರುವ ರಿಫಾಂಪಿಸಿನ್ ಬ್ರುಸೆಲ್ಲಾ ಮೇಲೂ ಸ್ವಲ್ಪ ಕೆಲಸ ಮಾಡುವುದರಿಂದ ರೋಗಿ ಚೇತರಿಸಿಕೊಂಡಂತೆ ಕಂಡು, ಮತ್ತೆ ಮಲಗುತ್ತಾರೆ. ಇದಕ್ಕೆ ಬೇಕಾದದ್ದು ಡಾಕ್ಸಿಸೈಕ್ಲಿನ್ ಜೊತೆ ಮತ್ತೊಂದು ಔಷಧಿ, ಕನಿಷ್ಠ ಆರು ವಾರ.

ಈ ಕಾಯಿಲೆಗೆ ಮಾಲ್ಟಾ ಜ್ವರ ಎಂಬ ಹೆಸರೂ ಇದೆ. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಸತ್ತ ಸೈನಿಕರ ಗುಲ್ಮದಿಂದ ಕ್ರಿಮಿಯನ್ನು ಬೇರ್ಪಡಿಸಿದ. ಅದು ಬರುವುದೆಲ್ಲಿಂದ ಎಂದು ತಿಳಿಯಲು ಇನ್ನೂ ಹದಿನೆಂಟು ವರ್ಷ ಹಿಡಿಯಿತು. 1905ರಲ್ಲಿ ಥೆಮಿಸ್ಟೊಕ್ಲಿಸ್ ಜಮ್ಮಿತ್ ಮೇಕೆಗಳ ರಕ್ತ ಪರೀಕ್ಷಿಸಿದಾಗ ಮೂಲ ಸಿಕ್ಕಿತು, ಸೈನಿಕರಿಗೆ ಮೇಕೆ ಹಾಲು ನಿಲ್ಲಿಸಿದ ಮೇಲೆ ಕಾಯಿಲೆ ಇಳಿಯಿತು. ನಮ್ಮಲ್ಲಿ ವಿಜಯಪುರ ಮತ್ತು ಬೆಳಗಾವಿಯ ವೈದ್ಯಕೀಯ ಕಾಲೇಜುಗಳು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿವೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಲಸಿಕೆಯನ್ನೂ ಹಾಕಲಾಗುತ್ತಿದೆ. ಪಶುವೈದ್ಯರಿಗೆ ಯಾವ ಊರಿನಲ್ಲಿ ಹಸುಗಳು ಕಂದು ಹಾಕುತ್ತಿವೆ ಎಂಬುದು ಗೊತ್ತಿರುತ್ತದೆ. ಆ ಸುದ್ದಿ ಅದೇ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಲುಪಿದರೆ ಎಷ್ಟೋ ಜ್ವರಗಳಿಗೆ ತಿಂಗಳು ಮುಂಚೆ ಹೆಸರು ಸಿಗುತ್ತದೆ.

ಜ್ವರದ ನಂತರ ಕಸುಬು. ಇಟಲಿಯ ಬರ್ನಾರ್ಡಿನೊ ರಮಝೀನಿ 1700ರಲ್ಲಿ ಕಸುಬುಗಳ ಕಾಯಿಲೆಗಳ ಬಗ್ಗೆ ಗ್ರಂಥ ಬರೆದು, ವೈದ್ಯರು ರೋಗಿಯನ್ನು ಕೇಳುವ ಪ್ರಶ್ನೆಗಳಿಗೆ ‘ನಿನ್ನ ಕೆಲಸವೇನು?’ ಎಂಬುದನ್ನೂ ಸೇರಿಸಬೇಕು ಎಂದ. ಅವನು ಪಟ್ಟಿ ಮಾಡಿದ ಕಸುಬುದಾರರಲ್ಲಿ ರೇಷ್ಮೆ ಹಿಂಜುವವರೂ ಇದ್ದರು. ಆ ಪ್ರಶ್ನೆ ರಾಮನಗರಕ್ಕೆ ಹೊಂದುವಷ್ಟು ಬೇರೆಲ್ಲಿಗೂ ಹೊಂದದು. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಗೂಡಿನ ಮಾರುಕಟ್ಟೆ ಇಲ್ಲಿದೆ. ಅದರ ಸುತ್ತಲ ಬೀದಿಗಳಲ್ಲಿ ನೂಲು ಬಿಚ್ಚಾಣಿಕೆಯ ಘಟಕಗಳು, ಅಂದರೆ ಫಿಲೇಚರ್‌ಗಳು ಇವೆ. ಗೂಡು ಬೇಯುವ ಹಬೆ, ಸೌದೆಯ ಹೊಗೆ, ಹುಳುವಿನ ವಾಸನೆ, ಗಾಳಿಯಲ್ಲಿ ತೇಲುವ ರೇಷ್ಮೆಯ ಪ್ರೋಟೀನಿನ ಕಣಗಳು, ಇವೆಲ್ಲ ಒಂದು ಸಣ್ಣ ಶೆಡ್ಡಿನೊಳಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ವಿ. ಸುಬ್ಬರಾವ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಫಿಲೇಚರ್ ಕಾರ್ಮಿಕರ ಪೈಕಿ ಮೂರರಲ್ಲೊಬ್ಬರಿಗೂ ಹೆಚ್ಚು ಮಂದಿಗೆ ಆಸ್ತಮಾ ಇರುವುದು ಕಂಡಿತು. ಅವರಲ್ಲಿ ಗಣನೀಯ ಪಾಲಿಗೆ ಕಾರಣ ರೇಷ್ಮೆಯದೇ ಅಲರ್ಜಿ.

ಇಷ್ಟು ಹಿಂದೆಯೇ ಗೊತ್ತಾದ ಸಂಗತಿಯಾದರೂ ಫಿಲೇಚರ್‌ನ ಹೆಂಗಸು ದಮ್ಮು ಎಂದು ಬಂದಾಗ ನೆಬ್ಯುಲೈಸರ್ ಇಟ್ಟು, ಇಂಜೆಕ್ಷನ್ ಕೊಟ್ಟು ಕಳಿಸುವುದು ನಡೆದೇ ಇದೆ. ರಾತ್ರಿ ಉಸಿರು ತಿರುಗಿ ಕಟ್ಟುತ್ತದೆ, ಮರುದಿನ ಮತ್ತೆ ಅದೇ ಬೇಸಿನ್ ಮುಂದೆ ಕೂರುತ್ತಾರೆ. ಕಸುಬಿನ ಆಸ್ತಮಾವನ್ನು ಗುರುತಿಸುವ ಮೊದಲ ದಾರಿ ಸರಳ: ರಜೆಯ ದಿನ, ಹಬ್ಬಕ್ಕೆ ತವರಿಗೆ ಹೋದಾಗ ದಮ್ಮು ಕಡಿಮೆಯಾಗುತ್ತದೆಯೇ ಎಂದು ಕೇಳುವುದು. ಕೆಲವು ನೂರು ರೂಪಾಯಿಯ ಪೀಕ್ ಫ್ಲೋ ಮೀಟರ್ ಕೊಟ್ಟು, ಕೆಲಸದ ದಿನ, ಬಿಡುವಿನ ದಿನ ಎರಡರಲ್ಲೂ ಊದಿಸಿ ಎರಡು ಮೂರು ವಾರ ಬರೆದಿಡಿಸಿದರೆ ಅನುಮಾನ ಗಟ್ಟಿಯಾಗುತ್ತದೆ. ಬೇಗ ಗುರುತಿಸಿ ಆ ಗಾಳಿಯಿಂದ ದೂರ ಮಾಡಿದವರು ಚೇತರಿಸಿಕೊಳ್ಳುವ ಸಂಭವ ಹೆಚ್ಚು, ವರ್ಷಗಟ್ಟಲೆ ತಡವಾದರೆ ಕೆಲಸ ಬಿಟ್ಟರೂ ಆಸ್ತಮಾ ಬಿಡುವುದಿಲ್ಲ. ಆದರೆ ಕೆಲಸ ಬಿಡಿ ಎಂದು ಹೇಳುವುದು ಎಷ್ಟು ಸುಲಭ! ಬಿಟ್ಟರೆ ಮನೆಯಲ್ಲಿ ಒಲೆ ಹೊತ್ತುವುದು ಹೇಗೆ ಎಂಬ ಪ್ರಶ್ನೆಗೆ ವೈದ್ಯರ ಬಳಿ ಉತ್ತರವಿಲ್ಲ. ಹಬೆ ಹೊರಹೋಗುವ ಕಿಟಕಿ, ಫ್ಯಾನು, ಬೇಯಿಸುವ ಜಾಗವನ್ನೂ ಸುತ್ತುವ ಜಾಗವನ್ನೂ ಬೇರೆ ಮಾಡುವುದು, ಕ್ರಮ ತಪ್ಪದ ಇನ್ಹೇಲರ್ ಇವು ಮಧ್ಯದ ದಾರಿಗಳು. ಇನ್ಹೇಲರ್ ಎಂದರೆ ಕೊನೆಯ ಹಂತ ಎಂಬ ಹೆದರಿಕೆ ಹಳ್ಳಿಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಆ ಹೆದರಿಕೆ ಬಿಡಿಸುವುದೂ ಚಿಕಿತ್ಸೆಯ ಭಾಗವೇ. ಚನ್ನಪಟ್ಟಣದ ಬೊಂಬೆ ಮಾಡುವವರಿಗೂ ಇದೇ ಪ್ರಶ್ನೆ ಕೇಳಬೇಕು. ಲೇತಿಗೆ ಕೊಟ್ಟ ಮರದಿಂದ ಏಳುವ ನುಣ್ಣನೆ ಹೊಟ್ಟು ಮೂಗು, ಉಸಿರಿನ ನಾಳ ಎರಡನ್ನೂ ಕೆರಳಿಸುತ್ತದೆ.

ಕಲ್ಲಿನ ಕಥೆ ಇದಕ್ಕಿಂತ ಕಠೋರ. ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು, ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನಿಂದ ಬಂದದ್ದು. ಭೂವಿಜ್ಞಾನಿಗಳು ಇಂದಿಗೂ ಇಲ್ಲಿನ ಬಂಡೆಯನ್ನು ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಕರೆಯುತ್ತಾರೆ. ರಾಮದೇವರ ಬೆಟ್ಟ, ಸಾವನದುರ್ಗಗಳನ್ನು ಎತ್ತಿ ನಿಲ್ಲಿಸಿರುವ ಆ ಶಿಲೆಯಲ್ಲಿ ಸಿಲಿಕಾ ಹೇರಳ. ಕ್ವಾರಿಯಲ್ಲಿ ಕೊರೆಯುವಾಗ, ಕ್ರಷರ್‌ನಲ್ಲಿ ಜಲ್ಲಿ ಒಡೆಯುವಾಗ ಏಳುವ ಅದರ ದೂಳು ವರ್ಷಗಳ ಕಾಲ ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತರುತ್ತದೆ. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲ್ಭಾಗದಲ್ಲಿ ಗಂಟುಗಳು, ಜೊತೆಗೆ ಕೆಮ್ಮು, ಏದುಸಿರು, ತೂಕ ಇಳಿಕೆ. ಕ್ಷಯ ಎಂದು ಬರೆದು ಆರು ತಿಂಗಳ ಮಾತ್ರೆ ಕೊಟ್ಟದ್ದಾಯಿತು, ಕಫದಲ್ಲಿ ಕ್ರಿಮಿ ಸಿಗಲಿಲ್ಲ, ಗುಣವೂ ಆಗಲಿಲ್ಲ, ಮತ್ತೆ ಆರು ತಿಂಗಳು. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಹತ್ತುವ ಅಪಾಯವೂ ಹಲವು ಪಟ್ಟು ಹೆಚ್ಚಾದ್ದರಿಂದ ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬಹುದು ಎಂಬಂತೆಯೂ ಇಲ್ಲ. ಸಿಲಿಕೋಸಿಸ್‌ಗೆ ಔಷಧಿ ಇಲ್ಲ. ಆದರೂ ಹೆಸರು ಬರೆಯುವುದು ಮುಖ್ಯ, ಏಕೆಂದರೆ ಕಾನೂನಿನಡಿ ಇದು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ, ಪರಿಹಾರದ ಹಕ್ಕು ಹುಟ್ಟುವುದೂ ಆ ಹೆಸರಿನಿಂದಲೇ. ರಾಜಸ್ಥಾನ 2019ರಲ್ಲಿ ಇದಕ್ಕೆಂದೇ ನೀತಿ ರೂಪಿಸಿ ಪರಿಹಾರ, ಪಿಂಚಣಿ ಕೊಡುತ್ತಿದೆ. ಗ್ರಾನೈಟಿನಿಂದ ಆದಾಯ ಕಾಣುವ ಕರ್ನಾಟಕಕ್ಕೂ ಅಂಥದ್ದು ಬೇಕು.

ಕನಕಪುರದ ದಕ್ಷಿಣಕ್ಕೆ ಸಂಗಮ, ಮೇಕೆದಾಟು, ಕಾವೇರಿ ವನ್ಯಧಾಮ. ಕಾಡಂಚಿನ ಹೊಲಮನೆಗಳಲ್ಲಿ ನೆಲದ ಮೇಲೆ ಮಲಗುವವರನ್ನು ಕಟ್ಟುಹಾವು ನಿದ್ದೆಯಲ್ಲೇ ಕಚ್ಚಬಹುದು. ಅದರ ಹಲ್ಲು ಸಣ್ಣವು, ಗಾಯ ಬಾಯುವುದಿಲ್ಲ, ನೋವೂ ಅಷ್ಟಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ವಾಂತಿಯೊಂದಿಗೆ ಎಚ್ಚರವಾಗುತ್ತದೆ. ರಾತ್ರಿ ತಿಂದದ್ದು ಒಗ್ಗಲಿಲ್ಲ ಎಂದುಕೊಳ್ಳುತ್ತಾರೆ. ಸ್ವಲ್ಪ ಹೊತ್ತಿಗೆ ರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ಎಂಜಲು ನುಂಗಲಾಗುವುದಿಲ್ಲ. ಆಗ ಲಕ್ವ ಹೊಡೆದಿದೆ ಎನಿಸುತ್ತದೆ. ಚೆನ್ನಾಗಿದ್ದ ಯುವಕರು ಹೊಟ್ಟೆನೋವಿನಿಂದ ಎದ್ದು ರೆಪ್ಪೆ ಎತ್ತಲಾರದೆ ಬಂದರೆ ಕೇಳಲೇಬೇಕಾದ ಪ್ರಶ್ನೆ, ರಾತ್ರಿ ಎಲ್ಲಿ ಮಲಗಿದ್ದಿರಿ ಎಂಬುದು. ಉಸಿರಾಟದ ಸ್ನಾಯುಗಳು ಸೋಲುವ ಮುಂಚೆ ವಿಷನಿರೋಧಕ, ಸೋತರೆ ವೆಂಟಿಲೇಟರ್. ಸಮಯಕ್ಕೆ ಉಸಿರಿನ ಆಸರೆ ಸಿಕ್ಕವರು ಬಹುಪಾಲು ಪೂರಾ ಚೇತರಿಸಿಕೊಳ್ಳುತ್ತಾರೆ ಎಂಬುದನ್ನು ನೆನೆದರೆ, ಈ ಕಾಯಿಲೆಯಲ್ಲಿ ತಪ್ಪಿದ ಪ್ರಶ್ನೆಯ ಬೆಲೆ ಎಷ್ಟೆಂದು ತಿಳಿಯುತ್ತದೆ.

ಕೊಳಕುಮಂಡಲದ ಕಡಿತದಲ್ಲಿ ಗಾಯ ಬಾತು ಕಾಣುತ್ತದೆ, ಅದರ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕೆಡಿಸಿ ಕಿಡ್ನಿಯನ್ನು ಹೊಡೆಯುತ್ತದೆ. ಇದರ ಪರೀಕ್ಷೆಗೆ ಒಂದು ಸ್ವಚ್ಛ, ಒಣಗಿದ ಗಾಜಿನ ನಳಿಕೆ ಸಾಕು. ಎರಡು ಮಿಲಿಲೀಟರ್ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು ವಾಲಿಸಿ ನೋಡುವುದು, ಹೆಪ್ಪುಗಟ್ಟದಿದ್ದರೆ ವಿಷ ಏರಿದೆ. ನಳಿಕೆ ಪ್ಲಾಸ್ಟಿಕ್ಕಿನದಾದರೆ ಅಥವಾ ಸೋಪಿನಿಂದ ತೊಳೆದದ್ದಾದರೆ ಫಲಿತಾಂಶ ಸುಳ್ಳಾಗುತ್ತದೆ. ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸಾಯುತ್ತಾರೆ ಎಂದು ಎರಡು ದಶಕಗಳ ಸಾವಿನ ಲೆಕ್ಕ ಹೇಳುತ್ತದೆ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಪ್ರಕರಣವೆಂದು ಘೋಷಿಸಿತು. ಲೆಕ್ಕವೇ ಸಿಗದಿದ್ದ ಸಾವುಗಳಿಗೆ ಲೆಕ್ಕ ಸಿಗುವ ದಾರಿ ಇದರಿಂದ ತೆರೆದಿದೆ.

ಎದೆಯ ವಿಷಯಕ್ಕೆ ಬಂದರೆ ‘ಗ್ಯಾಸ್ಟ್ರಿಕ್’ ಎಂಬ ಒಂದು ಪದದ ಮರೆಯಲ್ಲಿ ಸೇರಿಹೋಗಿರುವ ಹೃದಯಾಘಾತಗಳು ಬಹಳ. ಶುಗರ್ ಇರುವವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಎದೆ ಹಿಂಡುವ ನೋವೇ ಇರದೆ ಬರೀ ಬೆವರು, ಸುಸ್ತು, ಹೊಟ್ಟೆ ತೊಳಸುವುದು, ದವಡೆ ನೋವು ಇರಬಹುದು. ಬಂದ ಹತ್ತು ನಿಮಿಷದೊಳಗೆ ಇಸಿಜಿ ತೆಗೆಯಬೇಕು. ಮೊದಲ ಇಸಿಜಿ ಸರಿಯಿದ್ದರೂ ಅನುಮಾನ ಹೋಗದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯಬೇಕು. ಇಲ್ಲಿ ಸರ್ಕಾರ ಮಾಡಿರುವ ಒಳ್ಳೆಯ ಕೆಲಸವೊಂದನ್ನು ಹೇಳಲೇಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳನ್ನು ಜಯದೇವದಂಥ ಹೃದ್ರೋಗ ಆಸ್ಪತ್ರೆಗಳಿಗೆ ಜೋಡಿಸಲಾಗಿದೆ. ಇಲ್ಲಿ ತೆಗೆದ ಇಸಿಜಿಯನ್ನು ಅಲ್ಲಿ ಓದುತ್ತಾರೆ, ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಇಲ್ಲೇ ಉಚಿತವಾಗಿ ಕೊಟ್ಟು ಆಮೇಲೆ ಬೆಂಗಳೂರಿಗೋ ಮೈಸೂರಿಗೋ ಕಳಿಸಬಹುದು. ಮೊದಲ ಮೂರು ಗಂಟೆಯಲ್ಲಿ ಕೊಟ್ಟದ್ದಕ್ಕೆ ಫಲ ಅತಿ ಹೆಚ್ಚು. ಆ ಮೂರು ಗಂಟೆಯನ್ನು ಮನೆಯಲ್ಲಿ ಸೋಡಾ, ಜೀರಿಗೆ ನೀರು ಕುಡಿಯುತ್ತಾ ಕಳೆಯಬಾರದು ಎಂಬ ಅರಿವನ್ನು ಮನೆಮನೆಗೆ ಮುಟ್ಟಿಸುವ ಕೆಲಸ ಬಾಕಿಯಿದೆ.

ದೀರ್ಘಕಾಲದ ಕಾಯಿಲೆಗಳಲ್ಲಿ ತಪ್ಪು ಹುಟ್ಟುವುದು ಬೇರೆ ರೀತಿ. ಅಲ್ಲಿ ಒಂದು ಕಾಯಿಲೆಯ ಹೆಸರು ಮೊದಲೇ ಸಿಕ್ಕಿರುತ್ತದೆ, ಆಮೇಲೆ ಬಂದದ್ದನ್ನೆಲ್ಲ ಅದರ ತಲೆಗೇ ಕಟ್ಟಲಾಗುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದಂತೆ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ಶುಗರ್ ಇದ್ದವರ ಪಾದ ಜೋಮು ಹಿಡಿದರೆ ‘ನರಕ್ಕೆ ಶುಗರ್ ಏರಿದೆ’ ಎನ್ನುವುದು ರೂಢಿ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ವಿಟಮಿನ್ ಬಿ12 ಕುಸಿಯುತ್ತದೆ, ಮಾಂಸ ಹಾಲು ಕಡಿಮೆ ಬಳಸುವವರಲ್ಲಿ ಇನ್ನೂ ಬೇಗ. ಆ ಜೋಮು ಕೆಲವು ಚುಚ್ಚುಮದ್ದಿಗೆ ಹಿಂದೆಗೆಯುವಂಥದ್ದು, ತಡವಾದರೆ ಬೆನ್ನುಹುರಿಗೂ ಪೆಟ್ಟು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯೂ ರಕ್ತಹೀನತೆ ಇದ್ದಾಗ ದಾರಿ ತಪ್ಪಿಸುತ್ತದೆ, ಕಬ್ಬಿಣದ ಕೊರತೆಯಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 47.8 ಮಂದಿಗೆ ರಕ್ತಹೀನತೆ. ಅಂದಮೇಲೆ ಹಿಮೋಗ್ಲೋಬಿನ್ ನೋಡದೆ ಆ ಒಂದು ಅಂಕಿಯಿಂದ ಹೆಂಗಸೊಬ್ಬರಿಗೆ ಶುಗರ್ ಮಾತ್ರೆ ಹೆಚ್ಚಿಸುವುದು ಸರಿಯಲ್ಲ.

ವಯಸ್ಸಾದ ತಾಯಿ ಇದ್ದಕ್ಕಿದ್ದಂತೆ ಗೊತ್ತುಗುರಿಯಿಲ್ಲದೆ ಮಾತಾಡತೊಡಗಿದರೆ ಮನೆಯವರಿಗೆ ಲಕ್ವದ ಭಯ, ಕೆಲವರಿಗೆ ಗಾಳಿ ಸೋಕಿತೆಂಬ ಅನುಮಾನ. ಬಿಪಿಗೆ ಕೊಡುವ ಥಯಝೈಡ್ ಗುಂಪಿನ ಮಾತ್ರೆ ರಕ್ತದ ಸೋಡಿಯಂ ಇಳಿಸಿ ಈ ಮಂಕು ತಂದಿರಬಹುದು. ವಾಂತಿಭೇದಿ ಜೊತೆ ಸೇರಿದರಂತೂ ಇನ್ನೂ ಬೇಗ. ಸಿಟಿ ಸ್ಕ್ಯಾನಿಗೆ ಬೆಂಗಳೂರಿಗೆ ಓಡುವ ಮುಂಚೆ ಸೋಡಿಯಂ ನೋಡಿದರೆ ಕಾರಣ ಸಿಗಬಹುದು. ಸಿಕ್ಕ ಮೇಲೂ ಅವಸರ ಕೂಡದು. ಬಹು ದಿನಗಳಿಂದ ಇಳಿದ ಸೋಡಿಯಂ ಅನ್ನು ಒಂದೇ ದಿನಕ್ಕೆ ಏರಿಸಿದರೆ ಮೆದುಳಿಗೆ ಸರಿಪಡಿಸಲಾಗದ ಹಾನಿಯಾಗಬಹುದು, 24 ಗಂಟೆಯಲ್ಲಿ 8ರಿಂದ 10 ಅಂಶದ ಮಿತಿ ಅದಕ್ಕೇ. ಮಂಡಿನೋವಿಗೆ, ದಮ್ಮಿಗೆ ಎಂದು ಕೊಡುವ ಹೆಸರಿಲ್ಲದ ಪುಡಿ, ಮಾತ್ರೆಗಳ ವಿಚಾರವೂ ಹೀಗೆಯೇ. ಕೆಲವದರಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ತಿಂಗಳುಗಟ್ಟಲೆ ತಿಂದು ಒಮ್ಮೆಲೇ ಬಿಟ್ಟವರಲ್ಲಿ ಬಿಪಿ ಕುಸಿದು, ವಾಂತಿಯಾಗಿ ಪ್ರಾಣಕ್ಕೆ ಬರುತ್ತದೆ. ಮುಖ ಊದಿದೆಯೇ ಎಂದು ನೋಡಿ, ‘ಬೇರೆ ಏನಾದರೂ ಔಷಧಿ ತಗೋತಿದ್ರಾ ಅಮ್ಮ?’ ಎಂದು ಗದರಿಸದೆ ಕೇಳಿದರೆ ಮಾತ್ರ ನಿಜ ಹೊರಬರುತ್ತದೆ. ಬೈದರೆ ಯಾರೂ ಹೇಳುವುದಿಲ್ಲ.

ಈ ಎಲ್ಲದರ ಮೇಲೆ ನಾಲ್ಕೂ ತಾಲ್ಲೂಕುಗಳಿಗೆ ತಮ್ಮದೇ ಆದ ಒಂದು ತೊಡಕಿದೆ, ಬೆಂಗಳೂರು ತೀರಾ ಹತ್ತಿರ ಇರುವುದು. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ಜಿಲ್ಲೆಯಾದ ರಾಮನಗರಕ್ಕೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಸಚಿವ ಸಂಪುಟ ತೀರ್ಮಾನಿಸಿತು. ಹೆಸರು ಬದಲಾಗುವ ಬಹು ಮುಂಚೆಯೇ ಇಲ್ಲಿನ ರೋಗಿಗಳ ದಾರಿ ಬೆಂಗಳೂರಿನದಾಗಿತ್ತು. ಮೂರು ದಿನಕ್ಕೆ ಜ್ವರ ಬಿಡದಿದ್ದರೆ ಒಬ್ಬ ವೈದ್ಯರು, ಐದು ದಿನಕ್ಕೆ ಇನ್ನೊಬ್ಬರು, ಎಂಟನೆಯ ದಿನ ಹೆದ್ದಾರಿ ಹಿಡಿದು ವಿಕ್ಟೋರಿಯಾ, ನಿಮ್ಹಾನ್ಸ್, ಜಯದೇವ ಅಥವಾ ಯಾವುದಾದರೂ ಖಾಸಗಿ ಆಸ್ಪತ್ರೆ. ದೊಡ್ಡ ಆಸ್ಪತ್ರೆಗಳು ಗಂಟೆಯ ದೂರದಲ್ಲಿರುವುದು ಎಷ್ಟೋ ಜೀವ ಉಳಿಸಿದೆ. ಆದರೆ ಕಾಯಿಲೆಯ ಆರಂಭ ಕಂಡವರೊಬ್ಬರು, ನಡುವೆ ಕಂಡವರೊಬ್ಬರು, ಕೊನೆ ಕಂಡವರು ಮತ್ತೊಬ್ಬರು ಆಗುವುದರಿಂದ ಇಡೀ ಕಥೆ ಯಾರ ಕೈಗೂ ಸಿಗುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟ ರಿಪೋರ್ಟುಗಳ ಕಂತೆಯಲ್ಲಿ ನಾಲ್ಕು ವಿಡಾಲ್ ಇರುತ್ತವೆ, ರೋಗಿ ದನ ಸಾಕುತ್ತಾರೆ ಎಂಬ ಒಂದು ಸಾಲು ಇರುವುದಿಲ್ಲ.

ಬೆಂಗಳೂರಿಗೆ ಬರೆದುಕೊಟ್ಟ ವೈದ್ಯರಿಗೆ ಅಲ್ಲಿ ಏನು ಪತ್ತೆಯಾಯಿತು ಎಂಬುದು ತಿರುಗಿ ಬರುವುದು ವಿರಳ. ಡಿಸ್ಚಾರ್ಜ್ ಸಮರಿ ಇಂಗ್ಲಿಷಿನಲ್ಲಿ ಬರೆದು ರೋಗಿಯ ಕೈಗೆ ಕೊಡುತ್ತಾರೆ, ಅದು ಮನೆಯ ಅಲಮಾರಿ ಸೇರುತ್ತದೆ. ತಾವು ಡೆಂಗಿ ಎಂದು ಕಳಿಸಿದ್ದು ಸ್ಕ್ರಬ್ ಟೈಫಸ್ ಆಗಿತ್ತು ಎಂದು ಮಾಗಡಿಯ ವೈದ್ಯರಿಗೆ ಯಾರೂ ಹೇಳದಿದ್ದರೆ ಮುಂದಿನ ರೋಗಿಯ ಕಂಕುಳನ್ನು ಅವರು ನೋಡಬೇಕಾದರೂ ಏಕೆ? ಹಾರೋಹಳ್ಳಿಯ ಬಳಿ ಈಗ ವೈದ್ಯಕೀಯ ಕಾಲೇಜೊಂದು ಇದೆ, ರಾಮನಗರದಲ್ಲಿ ಜಿಲ್ಲಾಸ್ಪತ್ರೆಯಿದೆ. ತಿಂಗಳಿಗೊಮ್ಮೆ ನಾಲ್ಕೂ ತಾಲ್ಲೂಕುಗಳ ಫಿಸಿಷಿಯನ್‌ಗಳು, ಲ್ಯಾಬಿನವರು, ಒಬ್ಬ ಪಶುವೈದ್ಯರು ಕೂತು, ಇಲ್ಲಿಂದ ಹೋದ ಹತ್ತು ರೋಗಿಗಳ ಅಂತಿಮ ಪತ್ತೆಯನ್ನು ಓದಿಕೊಂಡರೆ ಅದು ಯಾವ ತರಬೇತಿ ಶಿಬಿರಕ್ಕಿಂತ ಹೆಚ್ಚು ಕಲಿಸುತ್ತದೆ. ಹೊರರೋಗಿ ಚೀಟಿಯಲ್ಲಿ ವಯಸ್ಸು, ಊರಿನ ಪಕ್ಕ ಕಸುಬಿಗೂ ಒಂದು ಜಾಗ, ತಪಾಸಣೆಯ ಕೋಣೆಗೆ ಒಂದು ಪರದೆ, ತಾಲ್ಲೂಕು ಲ್ಯಾಬಿಗೆ ಗಾಜಿನ ನಳಿಕೆಗಳು, ಬ್ಲಡ್ ಕಲ್ಚರ್ ಬಾಟಲಿಗಳನ್ನು ಜಿಲ್ಲಾ ಕೇಂದ್ರಕ್ಕೆ ಅದೇ ದಿನ ಮುಟ್ಟಿಸುವ ವ್ಯವಸ್ಥೆ, ಸ್ಕ್ರಬ್ ಟೈಫಸ್‌ನ ಐಜಿಎಂ ಪರೀಕ್ಷೆ ಇವು ಆ ಸಭೆಯಲ್ಲಿ ಮೊದಲು ಚರ್ಚೆಯಾಗಬೇಕಾದ ವಿಷಯಗಳು. ಅಂಥ ಸಭೆ ಶುರುವಾಗುವುದಾದರೆ ಸೆಪ್ಟೆಂಬರ್ ಮುಗಿಯುವ ಮುಂಚೆ ಆಗಬೇಕು. ಅಕ್ಟೋಬರ್ ಬಂದರೆ ಹೊಲದ ಬದುಗಳಲ್ಲಿ ಹುಲ್ಲು ಎದ್ದಿರುತ್ತದೆ, ಆ ಋತುವಿನ ಮೊದಲ ಜ್ವರದ ರೋಗಿಗಳು ಸಾಲಿಗೆ ಸೇರಿರುತ್ತಾರೆ.